ಒಂದೇ ಆಕಾರದ ತಂತಿ, ಒಂದಾಗದ ಯಂತ್ರಗಳು

ತೆಂಗಿನಕಾಯಿಯನ್ನು ಸಿಪ್ಪೆ ಸಹಿತವಾಗಿ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳ ಕಾಲ ಅದರೊಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡನೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುವ ತನಕ ಕಾದುಕೊಂಡಿರಬಲ್ಲ ತಾಳ್ಮೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಜನಕ್ಕೆ ವಂಶಪಾರಂಪರ್ಯವಾಗಿ ಬಂದದ್ದು. ಅಂತಹ ತಾಳ್ಮೆಯನ್ನೂ ಕೆಡಿಸುವ ತೊಡಕೊಂದು ಈಚಿನ ವರ್ಷಗಳಲ್ಲಿ ಈ ಸೀಮೆಯ ನಡುಮನೆಗಳನ್ನು ಹೊಕ್ಕಿದೆ. ಕೊಬ್ಬರಿಗೆ ಬೆಲೆ ಬಂದ ವರ್ಷ ಸಾಲ ತೀರಿಸಿ, ಕೊಳವೆಬಾವಿಯ ಮೋಟಾರನ್ನು ಬದಲಾಯಿಸಿ, ಮಿಕ್ಕ ಹಣದಲ್ಲಿ ದೊಡ್ಡ ಪರದೆಯ ಟಿ.ವಿ.ಯನ್ನೂ, ಅದರ ಕೆಳಗೆ ಸೌಂಡ್‌ಬಾರನ್ನೋ, ಇನ್ನೂ ಆಸಕ್ತಿಯುಳ್ಳವರಾದರೆ ಐದಾರು ಸ್ಪೀಕರುಗಳ ಹೋಮ್ ಥಿಯೇಟರನ್ನೋ ಕೊಂಡುತಂದ ಸಂಸಾರವು, ಎಲ್ಲವನ್ನೂ ಜೋಡಿಸಿ ಕುಳಿತ ಮೊದಲ ಸಂಜೆ ಕಾಣುವುದು ಬಹುಮಟ್ಟಿಗೆ ಚಿತ್ರವನ್ನಲ್ಲ, ‘ನೋ ಸಿಗ್ನಲ್’ ಎಂಬ ಎರಡು ಮಾತುಗಳನ್ನು. ಚಿತ್ರ ಬಂದರೆ ಧ್ವನಿಯಿಲ್ಲ. ಧ್ವನಿ ಬಂದರೆ ಅದು ಟಿ.ವಿ.ಯ ಸಣ್ಣ ಸ್ಪೀಕರಿನಿಂದಲೇ ಹೊರಟು, ಹಣ ಕೊಟ್ಟು ತಂದ ಪೆಟ್ಟಿಗೆಗಳು ಮೂಕವಾಗಿ ಕುಳಿತಿರುತ್ತವೆ. ಎರಡೂ ಸರಿಯಾಗಿ ಬಂದವೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಪರದೆ ಎರಡು ಕ್ಷಣ ಕಪ್ಪಾಗಿ ಮತ್ತೆ ಬೆಳಗುತ್ತದೆ.

ಇದು ಉಳ್ಳವರ ವಿಲಾಸದ ಸಂಕಟವಲ್ಲವೇ, ಇದಕ್ಕೆ ಪತ್ರಿಕೆಯ ಅಂಕಣದಲ್ಲಿ ಎಡೆಯೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ. ಅರಳಗುಪ್ಪೆ, ಕೋನೇಹಳ್ಳಿಗಳಲ್ಲಿ ಮೂಡಲಪಾಯ ಯಕ್ಷಗಾನದ ಮುಖವೀಣೆಯನ್ನು ರಾತ್ರಿಯಿಡೀ ಕೇಳಿ ಬೆಳೆದ ಜನರಿರುವ ಸೀಮೆ ಇದು. ಒಳ್ಳೆಯ ಧ್ವನಿಯನ್ನು ಮನೆಯಲ್ಲಿ ಕೇಳಬೇಕೆಂಬ ಅಪೇಕ್ಷೆಯನ್ನು ವಿಲಾಸವೆಂದು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ. ಇದಕ್ಕೂ ಮಿಗಿಲಾಗಿ, ಬೆವರು ಸುರಿಸಿ ಗಳಿಸಿದ ಹಣಕ್ಕೆ ತಕ್ಕ ಫಲ ದೊರೆಯದೆ ಹೋದಾಗ, ಆ ವೈಫಲ್ಯದ ಹೊಣೆಯನ್ನು ಏನೂ ಅರಿಯದ ಗೃಹಸ್ಥನ ತಲೆಗೋ ಬಡಪಾಯಿ ಮೆಕ್ಯಾನಿಕ್ಕನ ತಲೆಗೋ ಕಟ್ಟುವ ಅನ್ಯಾಯ ಇಲ್ಲಿ ನಡೆಯುತ್ತಿದೆ. ನಿಜವಾದ ಹೊಣೆ ಎಲ್ಲಿದೆಯೆಂಬುದನ್ನೂ, ಅದು ಇತ್ಯರ್ಥವಾಗುವ ತನಕ ನಾವು ಮಾಡಿಕೊಳ್ಳಬಹುದಾದ ಪರಿಹಾರವೇನೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಹಿಂದೆ ಟಿ.ವಿ.ಗೆ ಇನ್ನೊಂದು ಯಂತ್ರವನ್ನು ಸೇರಿಸುವುದೆಂದರೆ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತಂತಿಗಳನ್ನು ಅದೇ ಬಣ್ಣದ ಮೂರು ತೂತುಗಳಿಗೆ ಚುಚ್ಚುವುದಷ್ಟೇ ಆಗಿತ್ತು. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಎಡಬಲಗಳ ಧ್ವನಿ. ಆ ತಂತಿಗಳಿಗೆ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಹೇಗೋ ಹೊರಬರುತ್ತಿತ್ತು. ಈ ಪ್ರಪಂಚಕ್ಕೆ 2002ರ ಡಿಸೆಂಬರಿನಲ್ಲಿ ಹಿಟಾಚಿ, ಮತ್ಸುಶಿಟ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್, ತೋಷಿಬಾ ಎಂಬ 7 ಕಂಪನಿಗಳು ಸೇರಿ ಎಚ್‌ಡಿಎಂಐ ಎಂಬ ಹೊಸ ಜೋಡಣೆಯನ್ನು ತಂದವು. ಚಿತ್ರ, ಧ್ವನಿ, ಆಜ್ಞೆ ಎಲ್ಲವೂ ಒಂದೇ ತಂತಿಯಲ್ಲಿ ಸಾಗತಕ್ಕದ್ದೆಂಬುದು ಅದರ ಪ್ರತಿಜ್ಞೆ. ಆ ಪ್ರತಿಜ್ಞೆ ಸುಳ್ಳಲ್ಲ. ನಮ್ಮ ಹಳ್ಳಿಗಳಿಗೆ ಅದು ತಲುಪಿದ್ದು ಕೇಬಲ್ ಟಿ.ವಿ.ಯನ್ನು ಡಿಜಿಟಲ್ ಮಾಡುವ ಸರ್ಕಾರಿ ಕಾರ್ಯಕ್ರಮದ ನಾಲ್ಕನೆಯ ಹಂತ 2017ರ ಮಾರ್ಚಿಗೆ ಗಡುವು ಕಂಡು, ಮನೆಮನೆಗೂ ಸೆಟ್‌ಟಾಪ್ ಬಾಕ್ಸು ಬಂದ ಆಸುಪಾಸಿನಲ್ಲಿ. ಅದರೊಂದಿಗೆ ಬಂದ ವ್ಯತ್ಯಾಸವನ್ನು ಮಾತ್ರ ನಮಗೆ ಯಾರೂ ತಿಳಿಸಿ ಹೇಳಲಿಲ್ಲ: ಇದು ಸುಮ್ಮನೆ ಸಾಗಿಸುವ ತಂತಿಯಲ್ಲ, ಎರಡು ಕಡೆಯವರೂ ಮಾತಾಡಿ ಒಡಂಬಡುವ ತಂತಿ.

ತಂತಿಯ ತುದಿಯ ಆ ಚಪ್ಪಟೆ ಬಾಯಿಯೊಳಗೆ 19 ಸೂಕ್ಷ್ಮವಾದ ಲೋಹದ ನಾಲಿಗೆಗಳಿವೆ. ಅವುಗಳಲ್ಲಿ ಚಿತ್ರವನ್ನು ಹೊರುವುವು ಕೆಲವು ಮಾತ್ರ. 18ನೆಯದರಲ್ಲಿ ಸೆಟ್‌ಟಾಪ್ ಬಾಕ್ಸು 5 ವೋಲ್ಟಿನ ವಿದ್ಯುತ್ತನ್ನು ಟಿ.ವಿ.ಗೆ ಕಳುಹಿಸಿ ತಾನು ಬಂದಿರುವುದನ್ನು ಸಾರುತ್ತದೆ; ಟಿ.ವಿ.ಯು 19ನೆಯದರ ಮೂಲಕ ತಾನೂ ಸಿದ್ಧವೆಂದು ತಿಳಿಸುತ್ತದೆ. ಆಮೇಲೆ ಬಾಕ್ಸು 15, 16ನೆಯ ನಾಲಿಗೆಗಳ ಮೂಲಕ ಟಿ.ವಿ.ಯ ಜಾತಕವನ್ನೇ ಓದುತ್ತದೆ. ಇಡಿಐಡಿ ಎಂದು ಕರೆಯುವ ಈ ಸಣ್ಣ ದಾಖಲೆಯಲ್ಲಿ ಟಿ.ವಿ.ಯು ಎಷ್ಟು ಸೂಕ್ಷ್ಮವಾದ ಚಿತ್ರವನ್ನು, ಎಷ್ಟು ಬಗೆಯ ಬಣ್ಣವನ್ನು, ಎಂತಹ ಧ್ವನಿಯನ್ನು ಸ್ವೀಕರಿಸಬಲ್ಲುದೆಂಬುದು ಬರೆದಿರುತ್ತದೆ. ಅದನ್ನು ನೋಡಿಕೊಂಡು ಬಾಕ್ಸು ತಾನು ಏನನ್ನು ಕಳುಹಿಸಬೇಕೆಂದು ನಿಷ್ಕರ್ಷಿಸುತ್ತದೆ. ಇವೆರಡರ ನಡುವೆ ಆಂಪ್ಲಿಫೈಯರು ಕುಳಿತಿದ್ದರೆ, ಅದು ಟಿ.ವಿ.ಯ ಚಿತ್ರಸಾಮರ್ಥ್ಯಕ್ಕೆ ತನ್ನ ಧ್ವನಿಸಾಮರ್ಥ್ಯವನ್ನು ಕೂಡಿಸಿ ಹೊಸದೊಂದು ಜಾತಕವನ್ನು ಬರೆದು ಬಾಕ್ಸಿನ ಮುಂದಿಡಬೇಕು. ಮಧ್ಯವರ್ತಿಯ ಈ ಬರವಣಿಗೆಯಲ್ಲಿ ಲೋಪವಾದರೆ ಐದು ಸ್ಪೀಕರಿನ ಧ್ವನಿ ಎರಡಕ್ಕೆ ಇಳಿಯುತ್ತದೆ.

ಇಷ್ಟು ಸಾಲದೆಂಬಂತೆ ಎರಡನೆಯ ಸಂಭಾಷಣೆಯೊಂದು ಉಂಟು. ಚಲನಚಿತ್ರವನ್ನು ಯಾರೂ ನಕಲು ಮಾಡಿಕೊಳ್ಳಬಾರದೆಂಬ ಕಾರಣಕ್ಕೆ ಇಂಟೆಲ್ ಕಂಪನಿ ರೂಪಿಸಿದ ಎಚ್‌ಡಿಸಿಪಿ ಎಂಬ ಕಾವಲು ವ್ಯವಸ್ಥೆ ಅದು. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಮುಟ್ಟಿ ಮೂರನೆಯವನಿಗೆ ತಿಳಿಯದ ಹಾಗೆ ವ್ಯಾಪಾರ ಕುದುರಿಸುವಂತೆ, ಯಂತ್ರಗಳೆರಡು ತಮ್ಮ ಗುಪ್ತ ಸಂಖ್ಯೆಗಳನ್ನು ಪರಸ್ಪರ ಪರೀಕ್ಷಿಸಿ ನಂಬಿಕೆ ಬಂದ ಮೇಲೆಯೇ ಚಿತ್ರವನ್ನು ಬಿಟ್ಟುಕೊಡುತ್ತವೆ. ಹಳೆಯ ಯಂತ್ರಗಳಿಗೆ ತಿಳಿದಿರುವುದು ಇದರ 1.4ನೆಯ ಆವೃತ್ತಿ, 4ಕೆ ಚಿತ್ರಗಳು ಕೇಳುವುದು 2.2ನೆಯ ಆವೃತ್ತಿ. ಬಾಕ್ಸು ಹೊಸದು, ಟಿ.ವಿ. ಹೊಸದು, ನಡುವಿನ ಆಂಪ್ಲಿಫೈಯರು ಮಾತ್ರ ಹಳೆಯದಾದರೆ ಆ ಸರಪಣಿಯೇ ಅಪನಂಬಿಕೆಗೆ ಪಾತ್ರವಾಗಿ ಪರದೆ ಕಪ್ಪಾಗುತ್ತದೆ, ಇಲ್ಲವೇ ಚಿತ್ರ ಕೆಳದರ್ಜೆಗೆ ಇಳಿಯುತ್ತದೆ. ಈ ಕಾವಲಿನ ಮೂಲ ಕೀಲಿಯೇ 2010ರಲ್ಲಿ ಬಹಿರಂಗವಾಗಿ ಲೋಕದ ಪಾಲಾಯಿತು. ನಕಲು ಮಾಡುವವರನ್ನು ಈ ಬೀಗ ತಡೆದದ್ದು ಎಷ್ಟರಮಟ್ಟಿಗೋ ಅನುಮಾನ. ನ್ಯಾಯವಾಗಿ ಹಣ ತೆತ್ತು ಕೊಂಡವರ ಮನೆಗಳಲ್ಲಿ ಮಾತ್ರ ಅದು ತಪ್ಪದೆ ಬೀಳುತ್ತಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸಂಭಾಷಣೆಗಳೆಲ್ಲ ನಡೆಯುವುದು ಯಂತ್ರಗಳು ಎಚ್ಚರಗೊಳ್ಳುವ ಕೆಲವು ಕ್ಷಣಗಳಲ್ಲಿ. ನಮ್ಮ ಸೀಮೆಯ ವಿಶೇಷ ಕಷ್ಟವೂ ಇಲ್ಲಿಯೇ ತಲೆದೋರುತ್ತದೆ. ನೊಣವಿನಕೆರೆಯ ಕಡೆಯ ಒಂದು ಮನೆಯಲ್ಲಿ ನಾನು ಕುಳಿತಿದ್ದಾಗ ಕರೆಂಟು ಹೋಗಿ ಕಾಲು ಗಂಟೆಯ ಮೇಲೆ ಬಂದಿತು. ಟಿ.ವಿ., ಸೌಂಡ್‌ಬಾರು, ಬಾಕ್ಸು ಮೂರೂ ಒಂದೇ ಏಟಿಗೆ ಎದ್ದುವು. ಚಿತ್ರವೇನೋ ಬಂತು, ಸೌಂಡ್‌ಬಾರು ಸುಮ್ಮನಿತ್ತು. “ನೋಡಿ ಸ್ವಾಮಿ, ಕರೆಂಟು ಹೋಗಿ ಬಂದಾಗಲೆಲ್ಲ ಇದೇ ಪಾಡು. ಮೆಕ್ಯಾನಿಕ್ಕು ಬಂದ್ರೆ, ಅಣ್ಣಾ ವೈರು ಹೋಗಿದೆ, ಹೊಸದು ಹಾಕಿ ಅಂತಾನೆ. ಇದು ಮೂರನೇ ವೈರು” ಎಂದು ಮನೆಯ ಯಜಮಾನರು ಬೇಸರದಿಂದ ನುಡಿದರು. ತಂತಿ ಹೋಗಿರಲಿಲ್ಲ. ಬಾಕ್ಸು ಬೇಗನೆ ಎದ್ದು ಪ್ರಶ್ನೆ ಕೇಳಿದಾಗ ಉತ್ತರಿಸಬೇಕಾದ ಸೌಂಡ್‌ಬಾರು ಇನ್ನೂ ಪೂರ್ಣವಾಗಿ ಎಚ್ಚರಗೊಂಡಿರಲಿಲ್ಲ. ಉತ್ತರ ಬಾರದ ಬಾಕ್ಸು ತನಗೆ ತೋಚಿದ ಕನಿಷ್ಠ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತಿತ್ತು. ಮೂರರ ಪ್ಲಗ್ಗುಗಳನ್ನೂ ಗೋಡೆಯಿಂದ ಕಿತ್ತು, ಎರಡು ನಿಮಿಷ ಬಿಟ್ಟು, ಮೊದಲು ಟಿ.ವಿ.ಯನ್ನು, ಅದು ಸಂಪೂರ್ಣವಾಗಿ ಬೆಳಗಿದ ಮೇಲೆ ಸೌಂಡ್‌ಬಾರನ್ನು, ಕಟ್ಟಕಡೆಗೆ ಬಾಕ್ಸನ್ನು ಹಾಕಿದೆವು. ಧ್ವನಿ ಬಂತು. ಕೇಳುವವನು ಕೊನೆಗೆ ಏಳಬೇಕು, ಉತ್ತರ ಹೇಳುವವರು ಮೊದಲೇ ಎದ್ದಿರಬೇಕು. ಈ ಒಂದು ಕ್ರಮವನ್ನು ಪಾಲಿಸಿದರೆ ನಮ್ಮ ಮನೆಗಳ ಎಷ್ಟೋ ತಕರಾರುಗಳು ಕಾಸು ಖರ್ಚಿಲ್ಲದೆ ತೀರುತ್ತವೆ. ರಿಮೋಟಿನಿಂದ ಆರಿಸಿದರೆ ಸಾಲದು. ಆಗ ಯಂತ್ರ ತೂಕಡಿಸುತ್ತಿರುತ್ತದೆಯೇ ಹೊರತು ಹಳೆಯ ತಪ್ಪು ಒಡಂಬಡಿಕೆಯನ್ನು ಮರೆತಿರುವುದಿಲ್ಲ.

ಆದರೂ ತಂತಿ ಎಂದೂ ತಪ್ಪಿತಸ್ಥನಲ್ಲವೆಂದು ನಾನು ಹೇಳುತ್ತಿಲ್ಲ. ಸಾಧಾರಣ ಎಚ್‌ಡಿ ಚಿತ್ರ, ಎಂದರೆ 1080 ಗೆರೆಗಳದು, ಸೆಕೆಂಡಿಗೆ 60 ಬಾರಿ ಬದಲಾಗುತ್ತ ಸಾಗಲು ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ಟಿನಷ್ಟು ದಾರಿ ಬೇಕು. ಅದೇ ವೇಗದ 4ಕೆ ಚಿತ್ರ ಅದರ ನಾಲ್ಕರಷ್ಟನ್ನು, ಸುಮಾರು 18 ಗಿಗಾಬಿಟ್ಟನ್ನು ಕೇಳುತ್ತದೆ. ಹಳೆಯ ಟಿ.ವಿ.ಯಲ್ಲಿ ವರ್ಷಾನುಗಟ್ಟಲೆ ನಿಯತ್ತಾಗಿ ದುಡಿದ ತಂತಿಯೇ ಹೊಸ ಟಿ.ವಿ.ಯಲ್ಲಿ ಸೋಲುವುದು ಆದುದರಿಂದ ಆಶ್ಚರ್ಯವಲ್ಲ. ಪರದೆಯ ಮೇಲೆ ಬಿಳಿಯ ಕಿಡಿಗಳು ಮಿನುಗಿದರೆ, ಆಗಾಗ್ಗೆ ಚಿತ್ರ ಮಾಯವಾಗಿ ಮರಳಿದರೆ, ಬಾಕ್ಸಿನ ಸೆಟ್ಟಿಂಗಿನಲ್ಲಿ ಚಿತ್ರವನ್ನು 1080ಕ್ಕೆ ಇಳಿಸಿ ನೋಡಬೇಕು. ಆಗ ಸರಿಹೋದರೆ ದೋಷ ತಂತಿಯದೆಂದು ಬಹುಮಟ್ಟಿಗೆ ತಿಳಿಯಬಹುದು. ಎರಡು ಮೂರು ಮೀಟರಿನೊಳಗೆ ಒಳ್ಳೆಯ ತಾಮ್ರದ ತಂತಿ ಸಾಕು. ಹತ್ತು ಹದಿನೈದು ಮೀಟರು ಎಳೆಯಬೇಕಾದ ಪ್ರೊಜೆಕ್ಟರಿನಂತಹ ಕಡೆ ಬೆಳಕಿನ ಎಳೆಯುಳ್ಳ ಆಪ್ಟಿಕಲ್ ಎಚ್‌ಡಿಎಂಐ ತಂತಿಯೇ ಲೇಸು. ಅದಕ್ಕೆ ಹಿಂದುಮುಂದು ಉಂಟು, ಒಂದು ತುದಿಯ ಮೇಲೆ ಬಾಕ್ಸಿನ ಕಡೆಗೆಂದೂ ಇನ್ನೊಂದರ ಮೇಲೆ ಟಿ.ವಿ.ಯ ಕಡೆಗೆಂದೂ ಬರೆದಿರುತ್ತದೆ, ತಿರುಗುಮುರುಗಾಗಿ ಹಾಕಿದರೆ ಏನೂ ಬಾರದು.

ಕೊಬ್ಬರಿಯ ಅಟ್ಟವಿರುವ ಮನೆಗಳವರಿಗೆ ಒಂದು ಮಾತು. ಗೋಡೆಯಲ್ಲಿ ಪೈಪು ಹಾಕದೆ, ಕಣ್ಣಿಗೆ ಕಾಣಬಾರದೆಂದು ತಂತಿಯನ್ನು ಅಟ್ಟದ ಮೇಲೆ ಹಾಯಿಸಿ ಇನ್ನೊಂದು ಮೂಲೆಯಲ್ಲಿ ಇಳಿಸುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಕಾಯಿಯ ವಾಸನೆಗೆ ಬರುವ ಇಲಿ ಅಳಿಲುಗಳಿಗೆ ಆ ಮೆತ್ತನೆಯ ಹೊದಿಕೆ ಹಲ್ಲು ಮಸೆಯುವ ವಸ್ತುವಾಗುತ್ತದೆ. ಕಡಿತ ಪೂರ್ತಿಯಾದರೆ ಚಿಂತೆಯಿಲ್ಲ, ಕಾರಣ ಕಾಣುತ್ತದೆ. ಹೊದಿಕೆ ಹರಿದು ಒಳಗಿನ ಹೆಣಿಗೆ ಮಾತ್ರ ಕೆಟ್ಟಿದ್ದರೆ ಚಿತ್ರ ಒಮ್ಮೆ ಬಂದು ಒಮ್ಮೆ ಹೋಗಿ ಎಲ್ಲರನ್ನೂ ದಿಕ್ಕುತಪ್ಪಿಸುತ್ತದೆ. ಗಟ್ಟಿಯಾದ ಪಿವಿಸಿ ಪೈಪಿನೊಳಗೆ ಹಾಯಿಸಿದರೆ ಈ ಪೀಡೆಯಿಲ್ಲ.

ಇನ್ನು ಅತ್ಯಂತ ಗಂಭೀರವಾದ ವಿಷಯ. ಸೆಟ್‌ಟಾಪ್ ಬಾಕ್ಸಿನ ಲೋಹದ ಭಾಗವನ್ನೋ ಡಿಶ್ ತಂತಿಯ ತಿರುಪನ್ನೋ ಮುಟ್ಟಿದಾಗ ಕೈ ಸಣ್ಣಗೆ ಜುಮ್ಮೆನ್ನುವುದನ್ನು ಅನುಭವಿಸದವರು ನಮ್ಮಲ್ಲಿ ವಿರಳ. ಎರಡು ಕಡ್ಡಿಯ ಪ್ಲಗ್ಗುಳ್ಳ ಯಂತ್ರಗಳ ವಿದ್ಯುತ್ ಭಾಗದಲ್ಲಿ ಗದ್ದಲವನ್ನು ಸೋಸಲು ಇಟ್ಟಿರುವ ಸಣ್ಣ ಕೆಪಾಸಿಟರುಗಳ ಮೂಲಕ ಅತ್ಯಲ್ಪ ಪ್ರವಾಹ ಹೊರಕವಚಕ್ಕೆ ಸೋರಿಬರುತ್ತದೆ. ಅಂತಹ ಪ್ಲಗ್ಗಿಗೆ ಅರ್ಥಿಂಗಿನ ಕಡ್ಡಿಯೇ ಇಲ್ಲ; ಜೊತೆಗೆ ಸೇರಿಸಿದ ಮೂರು ಕಡ್ಡಿಯ ಯಂತ್ರದ ಅರ್ಥಿಂಗೂ ದುರ್ಬಲವಾಗಿದ್ದರೆ ಆ ಪ್ರವಾಹಕ್ಕೆ ಇಳಿದುಹೋಗಲು ಹಾದಿಯೇ ಇರುವುದಿಲ್ಲ. ಕೈಗೆ ಅದು ಬರಿಯ ಜುಮ್ಮು. ಯಂತ್ರಗಳೆಲ್ಲ ಉರಿಯುತ್ತಿರುವಾಗಲೇ ಎಚ್‌ಡಿಎಂಐ ತಂತಿಯನ್ನು ಚುಚ್ಚಿದರೆ ಆ ವ್ಯತ್ಯಾಸ ಕೂದಲೆಳೆಯಂತಹ ನಾಲಿಗೆಗಳ ಮೂಲಕ ಹಾಯ್ದು, ಅದರ ಹಿಂದಿನ ಚಿಪ್ಪನ್ನು ಸುಡಬಹುದು. ಆಮೇಲೆ ಆ ಒಂದು ಪೋರ್ಟು ಎಂದಿಗೂ ಮಾತಾಡುವುದಿಲ್ಲ. ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿನ ದಿನಗಳಲ್ಲಿ, ತೋಟದ ಎತ್ತರದ ಮರಗಳ ಸುಳಿ ಸುಡುವುದನ್ನು ವರ್ಷವರ್ಷವೂ ನೋಡುವ ನಮಗೆ ಬೇರೆ ಸಾಕ್ಷಿ ಬೇಕಿಲ್ಲ: ಹತ್ತಿರದಲ್ಲಿ ಬಿದ್ದ ಸಿಡಿಲಿನ ಪ್ರಭಾವ ಕರೆಂಟಿನ ಹಾದಿಯಲ್ಲಿ ಮಾತ್ರವಲ್ಲ, ಮಾಳಿಗೆಯ ಮೇಲಿನ ಡಿಶ್ ತಂತಿಯ ಮೂಲಕವೂ, ತೆಂಗಿನ ಮರದಿಂದ ಮರಕ್ಕೆ ಕಟ್ಟಿ ತಂದ ಕೇಬಲಿನ ಮೂಲಕವೂ ಒಳನುಗ್ಗಿ, ಬಾಕ್ಸಿನಿಂದ ಎಚ್‌ಡಿಎಂಐ ತಂತಿಯ ಮೂಲಕ ಟಿ.ವಿ.ಯನ್ನು ತಲುಪುತ್ತದೆ. ಸ್ಟೆಬಿಲೈಸರು ಇದೆಯೆಂದು ನಿಶ್ಚಿಂತರಾಗಿರುವವರ ಟಿ.ವಿ.ಗಳು ಹಾಳಾಗುವುದು ಈ ಕಳ್ಳದಾರಿಯಿಂದ. ಮೋಡ ಕಟ್ಟಿದೊಡನೆ ಪ್ಲಗ್ಗಿನ ಜೊತೆಗೆ ಡಿಶ್ ತಂತಿಯನ್ನೂ ಬಿಚ್ಚಬೇಕು. ಯಾವ ತಂತಿಯನ್ನು ಹಾಕುವಾಗಲೂ ತೆಗೆಯುವಾಗಲೂ ಪ್ಲಗ್ಗುಗಳು ಗೋಡೆಯಿಂದ ಹೊರಗಿರಬೇಕು. ಬೇಸಗೆಯಲ್ಲಿ ಅರ್ಥಿಂಗಿನ ಗುಂಡಿ ಒಣಗಿ ಬಿರುಕು ಬಿಡದಂತೆ ನೀರು ಹನಿಸುತ್ತಿರಬೇಕು. ಸಾವಿರಾರು ರೂಪಾಯಿಯ ರಿಪೇರಿಯನ್ನು ಈ ಅಲ್ಪಶ್ರಮ ಉಳಿಸುತ್ತದೆ.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಉಳಿಯುವ ತೊಡಕು ಹೆಸರುಗಳದು. ಪ್ರಕೃತಿಯಾಗಲಿ ಕರೆಂಟಾಗಲಿ ಇದಕ್ಕೆ ಕಾರಣವಲ್ಲ, ಮನುಷ್ಯರೇ ಮಾಡಿದ್ದಿದು. ಒಂದು ರಿಮೋಟಿನಿಂದ ಎಲ್ಲ ಯಂತ್ರಗಳನ್ನೂ ನಡೆಸುವ ಸಿಇಸಿ ಎಂಬ ಒಂದೇ ಸೌಲಭ್ಯವನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ, ಪ್ಯಾನಸೋನಿಕ್ ವಿಯೆರಾ ಲಿಂಕ್ ಎಂದೂ ಕರೆಯುತ್ತವೆ. ಸೌಂಡ್‌ಬಾರಿನ ಕೈಪಿಡಿಯಲ್ಲಿ ‘ಸಿಇಸಿ ಆನ್ ಮಾಡಿ’ ಎಂದಿರುತ್ತದೆ, ಟಿ.ವಿ.ಯ ಮೆನುವಿನಲ್ಲಿ ಆ ಮೂರು ಅಕ್ಷರಗಳನ್ನು ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ಹೊಸ ಟಿ.ವಿ.ಗಳಲ್ಲಿ ಪೋರ್ಟಿಗೆ ಪೂರ್ಣಶಕ್ತಿಯನ್ನು ಕೊಡುವ ಸೆಟ್ಟಿಂಗಿನ ಗತಿಯೂ ಹೀಗೆಯೇ: ಒಬ್ಬರಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಇನ್ನೊಬ್ಬರಲ್ಲಿ ಡೀಪ್ ಕಲರ್, ಮತ್ತೊಬ್ಬರಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್. ಅದನ್ನು ಹಾಕದಿದ್ದರೆ ಹೊಸ ಬಾಕ್ಸಿನ ಚಿತ್ರ ತನ್ನ ಪೂರ್ಣ ಕಾಂತಿಯಲ್ಲಿ ಬಾರದು. ಹಾಕಿದರೆ ಹಳೆಯ ಡಿವಿಡಿ ಪ್ಲೇಯರು ಕಂಗೆಟ್ಟು ಕೆಲವೊಮ್ಮೆ ಕಪ್ಪು ಪರದೆಯನ್ನೇ ಕೊಡುತ್ತದೆ. ಯಾವ ಪೋರ್ಟಿಗೆ ಯಾವುದನ್ನು ಚುಚ್ಚಿದೆಯೆಂದು ನೋಡಿ ಪೋರ್ಟಿಗೊಂದರಂತೆ ಹೊಂದಿಸಬೇಕು.

ಎಲ್ಲಕ್ಕಿಂತ ದೊಡ್ಡ ಗೊಂದಲ ಆವೃತ್ತಿಯ ಅಂಕಿಗಳದು. 2009ರಲ್ಲಿ 1.4, 2013ರಲ್ಲಿ 2.0, 2017ರಲ್ಲಿ 2.1 ಎಂದು ಎಚ್‌ಡಿಎಂಐ ಬೆಳೆದು ಬಂತು. ಈ ಮೂರರಲ್ಲಿ ಕಡೆಯದು 48 ಗಿಗಾಬಿಟ್ಟಿನವರೆಗೆ ಸಾಗಿಸಬಲ್ಲುದೆಂದು ಜಾಹೀರಾಯಿತು. 2.1 ಎಂದು ಬರೆದಿದ್ದರೆ ಆ ಶಕ್ತಿಯೆಲ್ಲ ಅದರಲ್ಲಿರುತ್ತದೆಂದು ಸಾಮಾನ್ಯನು ತಿಳಿಯುವುದು ಸಹಜ. ಆದರೆ ಈ ಹೆಸರಿನ ಪರವಾನಗಿಯನ್ನು ಕೊಡುವ ಎಚ್‌ಡಿಎಂಐ ಲೈಸೆನ್ಸಿಂಗ್ ಅಡ್ಮಿನಿಸ್ಟ್ರೇಟರ್ ಸಂಸ್ಥೆಯೇ 2021ರಲ್ಲಿ ಸ್ಪಷ್ಟಪಡಿಸಿದಂತೆ, 2.0 ಎಂಬುದು ಇನ್ನು ಪ್ರತ್ಯೇಕವಾಗಿ ಇಲ್ಲ, ಅದು 2.1ರಲ್ಲಿ ಅಡಕವಾಗಿದೆ, 2.1ರ ಹೊಸ ಗುಣಗಳೆಲ್ಲ ಐಚ್ಛಿಕ. ಎಂದರೆ ಹೊಸ ಗುಣಗಳಲ್ಲಿ ಒಂದೂ ಇಲ್ಲದ, ಹಳೆಯ 18 ಗಿಗಾಬಿಟ್ಟಿನ ಪೋರ್ಟನ್ನು ಇಟ್ಟ ತಯಾರಕನೂ ಅದನ್ನು 2.1 ಎಂದು ಕರೆಯಬಹುದು. ಇದು ಕಾನೂನಿನ ಕಣ್ಣಿಗೆ ಸುಳ್ಳಲ್ಲದಿರಬಹುದು. ಕೊಳ್ಳುವವನ ಕಣ್ಣಿಗೆ ಮಾತ್ರ ಅದು ಸತ್ಯವೂ ಅಲ್ಲ. ತಂತಿಗಳ ವಿಷಯದಲ್ಲಿ ಇದೇ ಸಂಸ್ಥೆ ಒಳ್ಳೆಯ ನಿಯಮವೊಂದನ್ನು ಮಾಡಿದೆ: ತಂತಿಯ ಪೊಟ್ಟಣದ ಮೇಲೆ ಆವೃತ್ತಿಯ ಅಂಕಿಯನ್ನು ಹಾಕಕೂಡದು, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್ ಎಂಬ ದರ್ಜೆಯನ್ನೇ ಹೇಳಬೇಕು, ಆ ಎರಡು ದರ್ಜೆಗಳಿಗೆ ಫೋನಿನಿಂದ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಚೀಟಿ ಇರಬೇಕು. ನಮ್ಮ ಪೇಟೆಗಳಲ್ಲಿ ತೂಗುಹಾಕಿರುವ ಪೊಟ್ಟಣಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಅದೇ ನಿಷಿದ್ಧವಾದ ಅಂಕಿ. ಅಂಕಿ ಇದ್ದು ಚೀಟಿ ಇಲ್ಲದ ತಂತಿಯನ್ನು ಕೊಳ್ಳದಿರುವುದೇ ಕ್ಷೇಮ.

ನಮ್ಮ ರೈತ ಖರೀದಿ ಕೇಂದ್ರಕ್ಕೆ ಕೊಬ್ಬರಿ ಒಯ್ದರೆ ಏನಾಗುತ್ತದೆಂಬುದನ್ನು ಇಲ್ಲಿ ನೆನೆಯಬೇಕು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ಬೆಲೆ ದೊರೆಯುವುದು ಎಫ್‌ಎಕ್ಯೂ ಎಂಬ ನಿರ್ದಿಷ್ಟ ಗುಣಮಟ್ಟದ ಸರಕಿಗೆ ಮಾತ್ರ. ತೇವಾಂಶ ಹೆಚ್ಚಿದೆಯೆಂದೋ, ಗಾತ್ರ ಸಾಲದೆಂದೋ, ಬೂಷ್ಟು ಹತ್ತಿದೆಯೆಂದೋ ಕಂಡರೆ ಚೀಲ ಹಿಂದಿರುಗುತ್ತದೆ. ರೈತನು ಅದಕ್ಕೆ ತಲೆಬಾಗುತ್ತಾನೆ, ಏಕೆಂದರೆ ಅಳತೆ ಮೊದಲೇ ತಿಳಿಸಿದ್ದು. ತನ್ನ ಸರಕಿನ ಪ್ರತಿಯೊಂದು ಗುಣವನ್ನೂ ಲೋಕದೆದುರಿಗೆ ತೋರಿಸಿ ಮಾರುವ ಈ ಮನುಷ್ಯನು ಅದೇ ಹಣವನ್ನು ಹಿಡಿದು ಪೇಟೆಗೆ ಬಂದಾಗ, ಅವನಿಗೆ ಮಾರುವ ಸರಕಿನ ಬೆನ್ನಿನ ನಾಲ್ಕು ಪೋರ್ಟುಗಳಲ್ಲಿ ಯಾವುದಕ್ಕೆ ಯಾವ ಶಕ್ತಿಯಿದೆಯೆಂದು ಹೇಳುವವರಿಲ್ಲ. ಭಾರತದಲ್ಲಿ ಮಾರುವ ಟಿ.ವಿ.ಗಳಿಗೆ ಕಡ್ಡಾಯ ನೋಂದಣಿ ಆದೇಶದಂತೆ ಭಾರತೀಯ ಮಾನಕ ಬ್ಯೂರೋದ ಗುರುತು ಇರಬೇಕು, ನಿಜ. ಆದರೆ ಆ ಗುರುತು ಸಾರುವುದು ಯಂತ್ರದ ಸುರಕ್ಷತೆಯನ್ನು, ಪೋರ್ಟಿನ ಸಾಮರ್ಥ್ಯವನ್ನಲ್ಲ. ಮತ್ತೊಂದು ಚೀಟಿಯ ನಕ್ಷತ್ರಗಳು ಹೇಳುವುದು ವಿದ್ಯುತ್ತಿನ ಮಿತವ್ಯಯವನ್ನು. ಇವೆರಡರ ಪಕ್ಕದಲ್ಲಿ ಮೂರನೆಯದೊಂದು ಚೀಟಿಗೆ ಜಾಗವಿದೆ. ಪ್ರತಿಯೊಂದು ಪೋರ್ಟಿನ ಎದುರಿಗೆ ಅದರ ಗರಿಷ್ಠ ಗಿಗಾಬಿಟ್ಟು, ಎಚ್‌ಡಿಸಿಪಿ ಆವೃತ್ತಿ, ಧ್ವನಿಯನ್ನು ಹಿಂದಿರುಗಿಸುವ ಎಆರ್‌ಸಿ ಅಥವಾ ಇಎಆರ್‌ಸಿ ಇದೆಯೇ ಇಲ್ಲವೇ ಎಂಬ ಮೂರು ಸಂಗತಿಗಳನ್ನು ಅದರ ಮೇಲೆ ಮುದ್ರಿಸುವುದಕ್ಕೆ ತಯಾರಕರಿಗೆ ತಗಲುವ ವೆಚ್ಚ ನಗಣ್ಯ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಕನ್ನಡವೂ ಇರಬೇಕೆಂದು ಕರ್ನಾಟಕ ಸರ್ಕಾರ 2025ರಲ್ಲಿ ಆದೇಶಿಸಿತು. ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವ ಯಂತ್ರಗಳ ಈ ಚೀಟಿಯೂ ಕನ್ನಡದಲ್ಲಿ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಚೀಟಿ ಬರುವ ತನಕ ಹಳೆಯ ಯಂತ್ರಗಳನ್ನು ಎಸೆಯಬೇಕಾಗಿಲ್ಲವೆಂಬುದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ. ಹುಳಿಯಾರಿನ ಕಡೆಯ ಮನೆಯೊಂದರಲ್ಲಿ ಸುಮಾರು ಹನ್ನೆರಡು ವರ್ಷ ದುಡಿದ ಆಂಪ್ಲಿಫೈಯರೊಂದಿತ್ತು. ಅದರ ಧ್ವನಿಯ ಗಾಂಭೀರ್ಯ ಇಂದಿನ ಸೌಂಡ್‌ಬಾರುಗಳಿಗೆ ಸುಲಭವಾಗಿ ಬರುವಂಥದ್ದಲ್ಲ. ಹೊಸ 4ಕೆ ಟಿ.ವಿ. ಬಂದ ಮೇಲೆ ಚಿತ್ರ ಬಾರದಾಗಿ, ಅಂಗಡಿಯವರು “ಇದು ಹಳೇ ಮಾಡೆಲ್ಲು, ಬಿಟ್ಬಿಡಿ” ಎಂದಿದ್ದರಿಂದ ಅದು ಅಟ್ಟ ಸೇರುವುದರಲ್ಲಿತ್ತು. ತಕರಾರು ಆಂಪ್ಲಿಫೈಯರಿನ ವಯಸ್ಸಿನದಲ್ಲ, ಅದು ಕುಳಿತಿದ್ದ ಜಾಗದ್ದು. ಬಾಕ್ಸಿಗೂ ಟಿ.ವಿ.ಗೂ ನಡುವೆ ಕುಳಿತು ತನಗೆ ತಿಳಿಯದ 2.2ರ ಗುಟ್ಟನ್ನು ಕೇಳಿಸಿಕೊಳ್ಳಬೇಕಾಗಿ ಬಂದದ್ದೇ ಅದರ ಕಷ್ಟ. ಬಾಕ್ಸಿನ ತಂತಿಯನ್ನು ಅಲ್ಲಿಂದ ತೆಗೆದು ನೇರವಾಗಿ ಟಿ.ವಿ.ಗೆ ಹಾಕಿ, ಟಿ.ವಿ.ಯ ‘ಎಆರ್‌ಸಿ’ ಎಂದು ಬರೆದಿರುವ ಒಂದೇ ಒಂದು ಪೋರ್ಟಿನಿಂದ ಇನ್ನೊಂದು ತಂತಿಯನ್ನು ಆಂಪ್ಲಿಫೈಯರಿನ ಔಟ್‌ಪುಟ್ ಪೋರ್ಟಿಗೆ ಎಳೆದು, ಎರಡು ಕಡೆಯೂ ಸಿಇಸಿಯನ್ನು ಹಾಕಿ, ಟಿ.ವಿ.ಯ ಸೌಂಡ್ ಔಟ್‌ಪುಟ್ ಎಂಬಲ್ಲಿ ಟಿ.ವಿ. ಸ್ಪೀಕರಿನ ಬದಲು ಎಚ್‌ಡಿಎಂಐ ಎಂದೂ, ಧ್ವನಿಯ ಬಗೆಯನ್ನು ಪಿಸಿಎಂ ಬದಲು ಬಿಟ್‌ಸ್ಟ್ರೀಮ್ ಎಂದೂ ಆರಿಸಿದ ಕೂಡಲೇ ಐದೂ ಸ್ಪೀಕರುಗಳು ಬಾಯಿ ಬಿಟ್ಟವು. ಚಿತ್ರ ಟಿ.ವಿ.ಯಲ್ಲೇ ನಿಂತು, ಧ್ವನಿ ಮಾತ್ರ ಹಿಂದಿರುಗಿ ಬರುವ ಈ ಏರ್ಪಾಡು 2009ರ 1.4ನೆಯ ಆವೃತ್ತಿಯಿಂದಲೂ ಇದೆ. ಅದಕ್ಕಿಂತ ಹಳೆಯ ಆಂಪ್ಲಿಫೈಯರಾದರೆ ಟಿ.ವಿ.ಯ ಆಪ್ಟಿಕಲ್ ತೂತಿನಿಂದ ಒಂದು ತಂತಿ ಎಳೆದರೂ ಡಾಲ್ಬಿ ಡಿಜಿಟಲ್ ಐದು ಸ್ಪೀಕರಿಗೆ ಹಂಚಿಕೊಂಡು ಬರುತ್ತದೆ. ಬ್ಲೂರೇ ತಟ್ಟೆಗಳಲ್ಲಿರುವ, ಗುಣದಲ್ಲಿ ಕಿಂಚಿತ್ತೂ ಕುಂದದ ಡಾಲ್ಬಿ ಟ್ರೂಎಚ್‌ಡಿ ಧ್ವನಿ ಬೇಕೆನ್ನುವವರಿಗೆ ಮಾತ್ರ ಟಿ.ವಿ., ಆಂಪ್ಲಿಫೈಯರು ಎರಡರಲ್ಲೂ ಇಎಆರ್‌ಸಿ ಅಗತ್ಯ. ಓಟಿಟಿಯಲ್ಲಿ ಕನ್ನಡ ಸಿನಿಮಾ ನೋಡುವ ಮನೆಗೆ ಸಾಧಾರಣ ಎಆರ್‌ಸಿ ಸಾಕು.

ಮಂಡಿಯಲ್ಲಿ ಚೀಟಿ ಇಲ್ಲದೆ ಚೀಲ ಬಿಡದ ನಮ್ಮ ಜನ ಟಿ.ವಿ. ಅಂಗಡಿಯಲ್ಲಿ ಬಾಯಿಮಾತಿಗೆ ಹಣ ಎಣಿಸಿ ಬರುವುದನ್ನು ನಿಲ್ಲಿಸಬೇಕು. ಮಾಡೆಲ್ ನಂಬರಿನ ಕೆಳಗೆ, ಎಷ್ಟು ಪೋರ್ಟುಗಳು 4ಕೆ ಚಿತ್ರವನ್ನು ಸೆಕೆಂಡಿಗೆ 60 ಬಾರಿಯ ವೇಗದಲ್ಲಿ ಸ್ವೀಕರಿಸುತ್ತವೆ, ಎಚ್‌ಡಿಸಿಪಿ 2.2 ಎಲ್ಲ ಪೋರ್ಟುಗಳಲ್ಲೂ ಇದೆಯೇ, ಎಆರ್‌ಸಿಯೋ ಇಎಆರ್‌ಸಿಯೋ, ತಮ್ಮ ಮನೆಯಲ್ಲಿರುವ ಇಂತಹ ಹೆಸರಿನ ಆಂಪ್ಲಿಫೈಯರಿನೊಂದಿಗೆ ಜೋಡಿಸಿ ಧ್ವನಿ ಬರಿಸಿಕೊಡುವ ಹೊಣೆ ಅಂಗಡಿಯದೇ ಎಂಬ ನಾಲ್ಕು ಸಾಲುಗಳನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಮೊಹರು ಹಾಕಿಸಬೇಕು. ಬರೆದುಕೊಡಲೊಪ್ಪದ ಅಂಗಡಿಯಿಂದ ಮುಂದಿನ ಅಂಗಡಿಗೆ ನಡೆಯಬೇಕು. ಬರೆದುಕೊಟ್ಟು ನಡೆಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಆಯೋಗದ ಮುಂದೆ ಆ ಬಿಲ್ಲನ್ನೇ ಇಡಬಹುದು.